ಮಂಡಿ ತರಚಿದರೆ ಗಾಳಿಗೆ ಬಿಡಬೇಡಿ

ಬೈಕ್ ಜಾರಿ ಜಲ್ಲಿಯ ಮೇಲೆ ಬಿದ್ದು ಮಂಡಿ ತರಚಿಕೊಂಡವರಿಗೆ ಮನೆಯಲ್ಲಿ ಸಿಗುವ ಮೊದಲ ಸಲಹೆ: "ಬಟ್ಟೆ ಕಟ್ಟಬೇಡ, ಗಾಳಿ ಆಡಲಿ, ಬೇಗ ಒಣಗುತ್ತೆ." ಒಣಗುವುದೇನೋ ನಿಜ, ಮಾಯುವುದು ಮಾತ್ರ ತಡ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕರು ಹಂದಿಗಳ ಚರ್ಮದ ಮೇಲೆ ಸಣ್ಣ ಗಾಯಗಳನ್ನು ಮಾಡಿ, ಕೆಲವನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಕೆಲವನ್ನು ಗಾಳಿಗೆ ಬಿಟ್ಟು ನೋಡಿದರು. ಮುಚ್ಚಿದ್ದರ ಮೇಲೆ ಹೊಸ ಚರ್ಮ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹರಡಿತ್ತು. ಚರ್ಮದ ಜೀವಕೋಶಗಳು ತೆವಳಿಕೊಂಡು ಮುಂದೆ ಸಾಗುತ್ತವೆ, ಅದಕ್ಕೆ ತೇವ ಬೇಕು. ಮೇಲೆ ಗಟ್ಟಿ ಹಕ್ಕಳೆ ಕಟ್ಟಿದರೆ ಅವು ತೇವ ಇರುವ ಆಳಕ್ಕೆ ಇಳಿದು, ಹಕ್ಕಳೆಯ ಅಡಿಯಲ್ಲಿ ದಾರಿ ಕೊರೆದುಕೊಂಡು ಹೋಗಬೇಕು.

ತರಚು ಗಾಯವನ್ನು ಹತ್ತಿರದಿಂದ ನೋಡಿ. ಇಡೀ ಜಾಗ ಒಂದೇ ಸಮ ಕೆಂಪಾಗಿರುವುದಿಲ್ಲ. ಸೂಜಿಮೊನೆಯಷ್ಟು ಸಣ್ಣ ಚುಕ್ಕಿಗಳಲ್ಲಿ ರಕ್ತ ಒಸರುತ್ತದೆ. ಮೇಲ್ಪದರ ಕಿತ್ತುಹೋಗಿ ಒಳಪದರದ ಸಣ್ಣ ಉಬ್ಬುಗಳ ತುದಿ ಕತ್ತರಿಸಿದ ಗುರುತು ಅದು. ಇಂಥ ಗಾಯದಲ್ಲಿ ಕೂದಲಿನ ಬುಡ, ಬೆವರಿನ ಗ್ರಂಥಿಗಳು ಒಳಗೆ ಉಳಿದಿರುತ್ತವೆ. ಹೊಸ ಚರ್ಮ ಅಂಚಿನಿಂದಷ್ಟೇ ಅಲ್ಲ, ಆ ಬುಡಗಳಿಂದಲೂ ಏಳುತ್ತದೆ. ಕೆಲವು ದಿನಗಳಲ್ಲಿ ಗಾಯದ ನಡುವೆ ಅಲ್ಲಲ್ಲಿ ಕಾಣುವ ತೆಳು ಬಿಳಿಚು ಚುಕ್ಕಿಗಳು ಅವೇ. ಕೀವು ಅಂದುಕೊಂಡು ಉಜ್ಜಿ ತೆಗೆಯುವವರಿದ್ದಾರೆ! ಚರ್ಮದ ಪೂರ್ತಿ ದಪ್ಪವೇ ಹೋಗಿದ್ದರೆ ಈ ಅನುಕೂಲ ಇಲ್ಲ. ಅಂಚಿನಿಂದಲೇ ಬರಬೇಕು, ವಾರಗಟ್ಟಲೆ ಹಿಡಿಯುತ್ತದೆ.

ಮೊದಲ ಕೆಲಸ ತೊಳೆಯುವುದು. ಕುಡಿಯಲು ಯೋಗ್ಯವಾದ ನಲ್ಲಿ ನೀರು ಸಾಕು, ಧಾರೆಯಾಗಿ ಐದರಿಂದ ಹತ್ತು ನಿಮಿಷ ಬಿಡಿ. ಮಣ್ಣು, ಡಾಂಬರಿನ ಕಣ ಉಳಿದರೆ ಸೋಂಕಿನ ಭಯ ಒಂದು ಕಡೆ. ಮೇಲೆ ಚರ್ಮ ಬೆಳೆದ ಮೇಲೆ ಅದು ಹಚ್ಚೆಯಂತೆ ನೀಲಿ-ಕಪ್ಪಾಗಿ ಶಾಶ್ವತವಾಗಿ ಕೂರುತ್ತದೆ. ಹಾಗಾಗಿ ನೋವಾದರೂ ಒದ್ದೆ ಗಾಜ್ ಬಟ್ಟೆಯಿಂದ (ಗಾಯಕ್ಕೆ ಕಟ್ಟುವ ಜಾಳು ಬಟ್ಟೆ) ಮೆಲ್ಲಗೆ ಒರೆಸಿ ಅವತ್ತೇ ತೆಗೆಯಬೇಕು. ಬಿಳಿ ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಅದು ರಿಪೇರಿಗೆ ಬಂದ ಜೀವಕೋಶಗಳನ್ನೂ ಕೊಲ್ಲುತ್ತದೆ. ಕಾಫಿಪುಡಿ, ಸುಣ್ಣ, ಅಡುಗೆಮನೆಯ ಅರಿಶಿನ, ಕ್ಯಾಪ್ಸೂಲ್ ಬಿಚ್ಚಿ ಉದುರಿಸಿದ ಪುಡಿ, ಇವೆಲ್ಲ ಗಾಯದ ಮೇಲೆ ಗಟ್ಟಿಯಾಗಿ ಕೂತು ಹೊರಗಿನ ಕೊಳೆಯನ್ನೇ ಒಳಗೆ ಸೇರಿಸುತ್ತವೆ.

ಆಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಅಂಟಿಕೊಳ್ಳದ ಡ್ರೆಸಿಂಗ್ ಇಡಿ. ಮೆಡಿಕಲ್ ಶಾಪಿನಲ್ಲಿ ಪ್ಯಾರಾಫಿನ್ ಗಾಜ್ ಎಂದು ಕೇಳಿದರೆ ಕೊಡುತ್ತಾರೆ. ಬರೀ ಒಣ ಗಾಜ್ ಇಟ್ಟರೆ ಮರುದಿನ ಎಳೆಯುವಾಗ ಎಳೆ ಚರ್ಮವೂ ಕಿತ್ತು ಬರುತ್ತದೆ. ಹಾಗೆ ಅಂಟಿದ್ದರೆ ಉಪ್ಪುನೀರಲ್ಲಿ ನೆನೆಸಿ ಬಿಡಿಸಿ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸುಮಾರು ಒಂದೂವರೆ ಟೀ ಚಮಚ. ತೇವ ಅಂದರೆ ತೊಪ್ಪೆ ಅಲ್ಲ. ಸುತ್ತಲ ಚರ್ಮ ಬೆಳ್ಳಗೆ ಮುದುಡಿದರೆ ತೇವ ಹೆಚ್ಚಾಯಿತೆಂದು ತಿಳಿದು ಡ್ರೆಸಿಂಗ್ ಬೇಗ ಬೇಗ ಬದಲಿಸಿ.

ಒಳಗೆ ಏನಾಗುತ್ತಿರುತ್ತದೆ? ಮೊದಲ ಕೆಲ ನಿಮಿಷಗಳಲ್ಲಿ ರಕ್ತನಾಳ ಬಿಗಿದು, ಪ್ಲೇಟ್‌ಲೆಟ್‌ಗಳು ಒತ್ತೊತ್ತಾಗಿ ಸೇರಿ, ಫೈಬ್ರಿನ್ ಎಂಬ ಪ್ರೋಟೀನ್ ಎಳೆಗಳ ಬಲೆ ಬಿದ್ದು ರಕ್ತ ಹೆಪ್ಪುಗಟ್ಟುತ್ತದೆ. ಅದೇ ಪ್ಲೇಟ್‌ಲೆಟ್‌ಗಳು ಬೇರೆ ಜೀವಕೋಶಗಳನ್ನು ಕರೆಯುವ ರಾಸಾಯನಿಕಗಳನ್ನೂ ಬಿಡುತ್ತವೆ. ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಬ್ಯಾಕ್ಟೀರಿಯಾ ನುಂಗುತ್ತವೆ. ಎರಡು-ಮೂರನೇ ದಿನಕ್ಕೆ ಮ್ಯಾಕ್ರೋಫೇಜ್ ಎಂಬ ದೊಡ್ಡ ಜೀವಕೋಶಗಳು ಕಸ ತೆಗೆಯುತ್ತ ಮುಂದಿನ ಹಂತಕ್ಕೆ ಸೂಚನೆ ಕೊಡುತ್ತವೆ. ಈ ಮೂರು ದಿನದ ಕೆಂಪು, ಬಿಸಿ, ಸಣ್ಣ ಬಾವು, ತಿಳಿ ಹಳದಿ ನೀರು ಸೋಂಕಲ್ಲ. ನಂತರ ಫೈಬ್ರೋಬ್ಲಾಸ್ಟ್ ಎಂಬ ಜೀವಕೋಶಗಳು ಚರ್ಮಕ್ಕೆ ಬಲ ಕೊಡುವ ಕೊಲಾಜೆನ್ ಎಳೆಗಳನ್ನು ನೇಯುತ್ತವೆ, ಹೊಸ ರಕ್ತನಾಳಗಳು ಮೊಳೆಯುತ್ತವೆ. ಆಳದ ಗಾಯವಾದರೆ ತಳದಲ್ಲಿ ಹರಳು ಹರಳಾದ, ಮುಟ್ಟಿದರೆ ರಕ್ತ ಜಿನುಗುವ ಕಡುಗೆಂಪು ಮಾಂಸ ಕಾಣುತ್ತದೆ. ಅದು ಒಳ್ಳೆಯ ಲಕ್ಷಣ.

ಚಿಂತೆ ಮಾಡಬೇಕಾದದ್ದು ಮೂರನೇ ದಿನದ ನಂತರ ನೋವು ಇಳಿಯುವ ಬದಲು ಏರಿದರೆ, ದಟ್ಟ ಕೀವು ಬಂದರೆ, ಜ್ವರ ಬಂದರೆ. ಕೆಂಪು ಹರಡುತ್ತಿದೆಯೇ ಎಂಬ ಅನುಮಾನ ಇದ್ದರೆ ಅದರ ಅಂಚಿಗೆ ಬಾಲ್‌ಪೆನ್ನಿನಲ್ಲಿ ಗೆರೆ ಎಳೆಯಿರಿ. ಗೆರೆ ದಾಟಿದರೆ ಡಾಕ್ಟರ ಹತ್ತಿರ ಹೋಗಿ. ಧನುರ್ವಾಯು ತುಕ್ಕಿನಿಂದ ಬರುವುದಲ್ಲ. ಅದರ ಬ್ಯಾಕ್ಟೀರಿಯಾ ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಲಸಿಕೆಯ ಸರಣಿ ಪೂರ್ತಿ ಆಗಿದ್ದವರಿಗೆ ಕೊಳಕು ಗಾಯವಾದರೆ ಕೊನೆಯ ಡೋಸ್ ಆಗಿ 5 ವರ್ಷ, ಸಣ್ಣ ಶುಭ್ರ ಗಾಯವಾದರೆ 10 ವರ್ಷ ಕಳೆದಿದ್ದರೆ ಮತ್ತೊಂದು ಬೇಕು. ಬಿದ್ದಾಗಲೆಲ್ಲ ಚುಚ್ಚಿಸಿಕೊಳ್ಳಬೇಕಿಲ್ಲ.

ಇನ್ನು ನಂಜು. ಗಾಯ ಆದವರಿಗೆ, ಆಪರೇಷನ್ ಆದವರಿಗೆ ಮೊಟ್ಟೆ, ಮೀನು, ಬದನೆಕಾಯಿ ಕೊಡಬಾರದು, ಕೀವಾಗುತ್ತೆ ಅನ್ನುವುದು ನಮ್ಮಲ್ಲಿ ಗಟ್ಟಿಯಾಗಿ ಕೂತ ನಂಬಿಕೆ. ಬರೀ ಗಂಜಿ, ತಿಳಿಸಾರು ಕೊಟ್ಟು ವಾರಗಟ್ಟಲೆ ಇಡುತ್ತಾರೆ. ಕೊಲಾಜೆನ್ ಒಂದು ಪ್ರೋಟೀನ್. ಅದನ್ನು ನೇಯುವ ಹೊತ್ತಿಗೇ ಪ್ರೋಟೀನ್ ನಿಲ್ಲಿಸಿದರೆ ಹೇಗೆ? ದೊಡ್ಡ ಗಾಯವಿದ್ದವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಕೊಡುವುದು ರೂಢಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ. ಮೊಟ್ಟೆ, ಬೇಳೆ, ಮೊಸರು, ಮೀನು ಯಾವುದಾದರೂ ಆದೀತು. ಕೊಲಾಜೆನ್ ಎಳೆ ಗಟ್ಟಿಯಾಗಲು ವಿಟಮಿನ್ ಸಿ ಬೇಕೇಬೇಕು: ಸೀಬೆಹಣ್ಣು, ನೆಲ್ಲಿಕಾಯಿ, ನಿಂಬೆ. ವಿಟಮಿನ್ ಸಿ ಕೊರತೆಯ ಕಾಯಿಲೆಯಾದ ಸ್ಕರ್ವಿ ಬಂದ ನಾವಿಕರಲ್ಲಿ ಹಳೆಯ, ಮಾದುಹೋದ ಗಾಯಗಳೂ ಮತ್ತೆ ಬಾಯಿಬಿಡುತ್ತಿದ್ದವು, ಏಕೆಂದರೆ ಕಲೆಯೊಳಗಿನ ಕೊಲಾಜೆನ್ ಸದಾ ಸವೆದು ಹೊಸದಾಗುತ್ತಲೇ ಇರುತ್ತದೆ.

ಸಕ್ಕರೆ ಕಾಯಿಲೆ ಇದ್ದವರಿಗೆ ಮೇಲಿನ ಮನೆಮಟ್ಟದ ಲೆಕ್ಕ ಅನ್ವಯಿಸದು. ನರ ಮರಗಟ್ಟಿ ಪಾದದ ಗಾಯ ನೋಯುವುದೇ ಇಲ್ಲ, ರಕ್ತ ಸಂಚಾರ ಕಡಿಮೆ, ನ್ಯೂಟ್ರೋಫಿಲ್‌ಗಳೂ ಮಂದ. ನೋವಿಲ್ಲದ ಪಾದದ ಗಾಯವನ್ನು ಅವರು ಕೂಡಲೇ ಡಾಕ್ಟರಿಗೆ ತೋರಿಸಬೇಕು. ಬೀಡಿ-ಸಿಗರೇಟು ಕೂಡ ರಕ್ತನಾಳ ಬಿಗಿಸಿ ಇದೇ ತಡ ಮಾಡುತ್ತದೆ.

ಹೊಲಿಗೆ ಹಾಕಿದ ಆಳದ ಗಾಯದಲ್ಲಿ ಜನ ಮೋಸಹೋಗುವುದು ಅದರ ಬಲದ ವಿಷಯದಲ್ಲಿ. ಮುಖದ ಹೊಲಿಗೆ ಸುಮಾರು 5 ದಿನಕ್ಕೆ, ಮಂಡಿಯಂಥ ಕೀಲಿನ ಮೇಲಿನದು 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ಮೇಲೆ ಕೂಡಿರುತ್ತದೆ, ಒಳಗೆ ಒಂದು ವಾರಕ್ಕೆ ಮೊದಲಿನ ಬಲದ ಶೇ. 3ರಷ್ಟು, ಮೂರು ವಾರಕ್ಕೆ ಶೇ. 20ರಷ್ಟು ಮಾತ್ರ. ಮೂರು ತಿಂಗಳಿಗೆ ಶೇ. 80 ಬಂದರೆ ಅಲ್ಲಿಗೆ ಮುಗಿಯಿತು, ಪೂರ್ತಿ ಬಲ ಎಂದೂ ಮರಳದು. ಕಲೆ ಮಾತ್ರ ಒಂದೆರಡು ವರ್ಷ ಬದಲಾಗುತ್ತಲೇ ಇರುತ್ತದೆ. ನಮ್ಮ ಚರ್ಮದಲ್ಲಿ ಹೊಸ ಕಲೆ ಬಿಸಿಲಿಗೆ ಬೇಗ ಕಪ್ಪಾಗುವುದರಿಂದ ಮೊದಲ ವರ್ಷ ಮುಚ್ಚಿಡುವುದೋ ಸನ್‌ಸ್ಕ್ರೀನ್ ಹಚ್ಚುವುದೋ ಒಳ್ಳೆಯದು. ಕಲೆ ಉಬ್ಬಿದರೂ ಗಾಯದ ಗಡಿಯೊಳಗೇ ಇದ್ದರೆ ಸಿಲಿಕೋನ್ ಹಾಳೆಯನ್ನು ದಿನಕ್ಕೆ 12 ಗಂಟೆಗೂ ಹೆಚ್ಚು, ಎರಡು-ಮೂರು ತಿಂಗಳು ಅಂಟಿಸಿದರೆ ತಗ್ಗುವ ಸಾಧ್ಯತೆ ಇದೆ. ಗಡಿ ದಾಟಿ ಬೆಳೆದರೆ ಅದು ಕೆಲಾಯ್ಡ್; ಅದನ್ನು ಬರೀ ಕತ್ತರಿಸಿ ತೆಗೆಸಿದರೆ ಬಹಳಷ್ಟು ಸಲ ಮೊದಲಿಗಿಂತ ದೊಡ್ಡದಾಗಿಯೇ ಮರಳುತ್ತದೆ.