ಕೊರಳಲ್ಲಿ ಸಂಖ್ಯೆ ತೊಟ್ಟ ಮುಖಗಳು

ನಮ್ಮ ವಿಭಾಗದಲ್ಲಿ ಛಾಯಾಚಿತ್ರ ಪತ್ರಿಕೋದ್ಯಮವನ್ನು ಕಲಿಸುತ್ತಿದ್ದ ಗುರುಗಳು ಕ್ಯಾಮೆರಾದ ತಾಂತ್ರಿಕ ವಿವರಗಳನ್ನು ಕೈಪಿಡಿಗೆ ಬಿಟ್ಟು, ತರಗತಿಯ ಬಹುಪಾಲು ಸಮಯವನ್ನು ಒಬ್ಬೊಬ್ಬ ಛಾಯಾಗ್ರಾಹಕರ ಬದುಕಿಗೆ ಮೀಸಲಿಡುತ್ತಿದ್ದರು. ಹಾಗೆ ಪರಿಚಯವಾದವರಲ್ಲಿ ನನ್ನ ಮನಸ್ಸಿನಲ್ಲಿ ಆಳವಾಗಿ ನಿಂತವರು ಬ್ರೆಜಿಲ್‌ನ ಕ್ಲೌಡಿಯಾ ಅಂಡುಜಾರ್.

1931ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂದಿನ ರೊಮೇನಿಯಾದ ಟ್ರಾನ್ಸಿಲ್ವೇನಿಯಾದಲ್ಲಿ ಬೆಳೆದ ಅವರು, ಯಹೂದಿ ತಂದೆಯನ್ನೂ ತಂದೆಯ ಕಡೆಯ ಬಂಧುಗಳನ್ನೂ ನಾಜಿ ಶಿಬಿರಗಳಲ್ಲಿ ಕಳೆದುಕೊಂಡವರು. 1955ರಲ್ಲಿ ಬ್ರೆಜಿಲ್‌ಗೆ ಬಂದು ನೆಲೆಸಿದ ಅವರು, 1971ರಲ್ಲಿ ಪತ್ರಿಕೆಯೊಂದರ ಅಮೆಜಾನ್ ವಿಶೇಷಾಂಕಕ್ಕಾಗಿ ಹೋದಾಗ ಆ ಕಾಡಿನ ಮೂಲನಿವಾಸಿಗಳಾದ ಯಾನೊಮಾಮಿ ಜನರನ್ನು ಕಂಡರು. ಆಮೇಲೆ ಮರಳಿ ಮರಳಿ ಅಲ್ಲಿಗೇ ಹೋದರು. ಲೆನ್ಸಿನ ಅಂಚಿಗೆ ವ್ಯಾಸಲೀನ್ ಸವರಿ ತೆಗೆದ ಅವರ ಚಿತ್ರಗಳಲ್ಲಿ ಸುತ್ತಲಿನದೆಲ್ಲ ಮಸುಕಾಗಿ, ನಡುವಿನ ಮನುಷ್ಯರು ಮಾತ್ರ ಸ್ಪಷ್ಟವಾಗಿ ಉಳಿಯುತ್ತಾರೆ. ಇದು ದಾಖಲೆಯೋ ಕಲ್ಪನೆಯೋ ಎಂದು ನಾವು ಚರ್ಚಿಸಿದ್ದುಂಟು. ನನಗಂತೂ ಅದು ದಾಖಲೆಯೇ; ಆ ಜನರ ನಂಬಿಕೆಯ ಲೋಕವೂ ವಾಸ್ತವದ ಒಂದು ಭಾಗವೇ ತಾನೆ.

1973ರಲ್ಲಿ ಮಿಲಿಟರಿ ಆಡಳಿತವು ಆ ಕಾಡಿನ ಮೂಲಕ ಪೆರಿಮೆಟ್ರಲ್ ನಾರ್ಟೆ ಹೆದ್ದಾರಿಯ ಕೆಲಸ ಆರಂಭಿಸಿತು. ರಸ್ತೆಯ ಜೊತೆಗೆ ದಡಾರ ಮತ್ತು ಫ್ಲೂ ಬಂದವು. ಅವುಗಳನ್ನು ಎದುರಿಸುವ ಶಕ್ತಿ ಆ ದೇಹಗಳಿಗೆ ಇರಲಿಲ್ಲ. ಅಧಿಕಾರಿಗಳು ಅಂಡುಜಾರ್ ಅವರನ್ನು ಪ್ರದೇಶದಿಂದ ಹೊರಗಟ್ಟಿದಾಗ, ಅವರು 1978ರಲ್ಲಿ ಸಂಗಡಿಗರೊಂದಿಗೆ ಯಾನೊಮಾಮಿ ಭೂಮಿಯ ರಕ್ಷಣೆಗೆ ಆಯೋಗವೊಂದನ್ನು ಕಟ್ಟಿದರು. ಮುಂದೆ ವೈದ್ಯರೊಂದಿಗೆ ಲಸಿಕೆ ಹಾಕಿಸಲು ಕಾಡಿಗೆ ಮರಳಿದರು. ವೈಯಕ್ತಿಕ ಹೆಸರನ್ನು ಬಹಿರಂಗವಾಗಿ ಹೇಳುವುದು ಆ ಜನರ ವಾಡಿಕೆಯಲ್ಲ. ಆದ್ದರಿಂದ ಆರೋಗ್ಯ ಚೀಟಿಗಾಗಿ ಪ್ರತಿಯೊಬ್ಬರ ಕೊರಳಿಗೂ ಸಂಖ್ಯೆಯ ಬಿಲ್ಲೆ ತೊಡಿಸಿ ಚಿತ್ರ ತೆಗೆದರು. ಗುರುಗಳು ಆ ಕಪ್ಪುಬಿಳುಪು ಮುಖಗಳನ್ನು ಒಂದೊಂದಾಗಿ ಪರದೆಯ ಮೇಲೆ ತೋರಿಸಿದರು: ಬಿಲ್ಲೆಯ ಪರಿವೆಯೇ ಇಲ್ಲದ ಮಗು, ನೇರವಾಗಿ ಲೆನ್ಸನ್ನೇ ದಿಟ್ಟಿಸುವ ಹೆಂಗಸು. ಯುರೋಪಿನಲ್ಲಿ ಸಾವಿಗಾಗಿ ಗುರುತು ಹಾಕಿಸಿಕೊಂಡವರನ್ನು ಬಾಲ್ಯದಲ್ಲೇ ಕಂಡಿದ್ದ ಅಂಡುಜಾರ್, ಇಲ್ಲಿ ಬದುಕಿಸಲೆಂದು ಗುರುತು ಹಾಕಿದ್ದರು. ಈ ನಂಟನ್ನು ಅವರೇ ಮುಂದೆ ಎತ್ತಿ ಹೇಳಿದರು.

ಛಾಯಾಗ್ರಾಹಕರು ಘಟನೆಯಲ್ಲಿ ಕೈಹಾಕಬಾರದು ಎಂದು ಸಹಪಾಠಿಯೊಬ್ಬ ಪಟ್ಟು ಹಿಡಿದ. ಹಾಗಾದರೆ ಲಸಿಕೆಯನ್ನು ಯಾರು ಹಾಕಿಸಬೇಕಿತ್ತು ಎಂದು ಗುರುಗಳು ಕೇಳಿದರು. ಆ ವಾದ ಅಂದು ಬಗೆಹರಿಯಲಿಲ್ಲ.

1980ರ ದಶಕದ ಕೊನೆಗೆ ಸುಮಾರು 40,000 ಚಿನ್ನದ ಗಣಿಗಾರರು ನುಗ್ಗಿದ್ದ ಆ ನೆಲವನ್ನು, ಯಾನೊಮಾಮಿ ನಾಯಕ ದಾವಿ ಕೊಪೆನಾವಾ ಮತ್ತು ಈ ಆಯೋಗದ ದೀರ್ಘ ಹೋರಾಟದ ಫಲವಾಗಿ, 1992ರಲ್ಲಿ ಸುಮಾರು 96 ಲಕ್ಷ ಹೆಕ್ಟೇರ್ ವಿಸ್ತಾರದ ಯಾನೊಮಾಮಿ ಭೂಮಿಯೆಂದು ಸರ್ಕಾರ ಮಾನ್ಯ ಮಾಡಿತು. ಗಣಿಗಾರರು ಮತ್ತೆ ಬಂದರು. 2023ರ ಜನವರಿಯಲ್ಲಿ ಅಲ್ಲಿ ಆರೋಗ್ಯ ತುರ್ತುಸ್ಥಿತಿ ಘೋಷಿಸಬೇಕಾಯಿತು.