ಕೂರಲು ಬಿಡದ ಗುಳ್ಳೆ

ಎಂಆರ್‌ಐ ವರದಿಯಲ್ಲಿ ಡಿಸ್ಕ್‌ಗಳ ಪುರಾಣವೆಲ್ಲ ಮುಗಿದ ಮೇಲೆ, ಕೊನೆಯಲ್ಲಿ ಅರ್ಧ ಸಾಲು: ಎಸ್2 ಮಟ್ಟದಲ್ಲಿ (ಬೆನ್ನುಮೂಳೆಯ ಬುಡದಲ್ಲಿ, ಬಾಲದ ಮೂಳೆಗಿಂತ ಮೇಲೆ) ಟಾರ್ಲೋವ್ ಸಿಸ್ಟ್, ಅಂದರೆ ನರದ ಬೇರಿನಲ್ಲಿ ದ್ರವ ತುಂಬಿದ ಗುಳ್ಳೆ, 16 ಮಿಲಿಮೀಟರ್. "ಎಷ್ಟೋ ಜನರಿಗೆ ಇರುತ್ತದೆ, ಅಪಾಯವಿಲ್ಲ, ಮರೆತುಬಿಡಿ" ಎಂದರು ಮೊದಲು ನೋಡಿದ ವೈದ್ಯರು. ಮರೆಯಲು ನನ್ನದೇನೂ ತಕರಾರಿರಲಿಲ್ಲ. ಕುರ್ಚಿಯಲ್ಲಿ ಕುಳಿತರೆ ಬಾಲದ ಮೂಳೆಯ ಮೇಲ್ಭಾಗ ಉರಿಯುತ್ತಿತ್ತು, ಸೀನಿದರೆ ತೊಡೆಯ ಹಿಂಭಾಗದವರೆಗೂ ನೋವು ಹರಿಯುತ್ತಿತ್ತು. ಮಲಗಿದರೆ ಮಾತ್ರ ಆರಾಮ.

ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಕ್ಕೆ ನರದ ಬೇರುಗಳಷ್ಟೇ ಇಳಿಯುತ್ತವೆ. ಬೇರನ್ನು ಸುತ್ತಿದ ಪೊರೆಗಳ ನಡುವೆ ಮೆದುಳು-ಬೆನ್ನುಹುರಿ ದ್ರವ ನುಗ್ಗಿ ಉಬ್ಬಿದರೆ ಈ ಗುಳ್ಳೆ. ಒಳಗೆ ಬಂದ ದ್ರವ ಅಷ್ಟು ಸುಲಭವಾಗಿ ಹೊರಗೆ ಹೋಗುವುದಿಲ್ಲವಂತೆ. ಕೆಮ್ಮು, ಸೀನು, ಮುಕ್ಕರಿಯುವುದು, ಬಹಳ ಹೊತ್ತು ನಿಲ್ಲುವುದು ಎಲ್ಲವೂ ಒತ್ತಡ ಹೆಚ್ಚಿಸುವುದು ಅದಕ್ಕೇ. ಗುಳ್ಳೆಯ ಗೋಡೆಯಲ್ಲೇ ನರತಂತುಗಳು ಇರುವುದರಿಂದ ಕತ್ತರಿಸಿ ಎಸೆಯುವಂತೆಯೂ ಇಲ್ಲ.

ಟಾರ್ಲೋವ್ ಎಂಬ ನರಶಸ್ತ್ರಚಿಕಿತ್ಸಕರು 1938ರಲ್ಲಿ ಇದನ್ನು ವರ್ಣಿಸಿದ್ದು ಶವಪರೀಕ್ಷೆಯಲ್ಲಿ ಕಂಡು. ಹತ್ತು ವರ್ಷಗಳ ನಂತರ, 1948ರಲ್ಲಿ, ಕಾಲಿಗಿಳಿಯುವ ನೋವಿಗೆ ಇದೂ ಒಂದು ಕಾರಣವೆಂದು ಅವರೇ ಬರೆದರು. ಗುಳ್ಳೆಗೆ ಹೆಸರು ಕೊಟ್ಟವರೇ ಹೀಗೆಂದ ಮೇಲೂ ನೋವು ಹೇಳಿಕೊಂಡವರ ಮುಖವನ್ನು ಅನುಮಾನದಿಂದ ನೋಡುವುದು ಏಕೋ! ಕ್ಯಾನ್ಸರ್ ಅಲ್ಲ ಎಂಬುದು ದೊಡ್ಡ ಸಮಾಧಾನ, ಒಪ್ಪಿದೆ. ನೋವಿಲ್ಲವೆಂದು ಅದರಿಂದ ಸಾಬೀತಾಗುವುದಿಲ್ಲ.

ಎರಡನೆಯ ವೈದ್ಯೆ ಪರದೆಯ ಮೇಲೆ ಬೆಳ್ಳಗೆ ಹೊಳೆಯುತ್ತಿದ್ದ ಬೊಟ್ಟನ್ನು ಪೆನ್ನಿನ ತುದಿಯಿಂದ ತೋರಿಸಿ, ಪಕ್ಕದಲ್ಲೇ ಒತ್ತರಿಸಿಕೊಂಡಿದ್ದ ನರವನ್ನೂ ತೋರಿಸಿದರು. ಹಾಗೆಂದು ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟಲಿಲ್ಲ. ಡಿಸ್ಕ್, ಸೊಂಟದ ಕೀಲು ಎಲ್ಲವನ್ನೂ ಪರೀಕ್ಷಿಸಿ, ಅವುಗಳ ಪಾತ್ರವಿಲ್ಲವೆಂದು ಖಚಿತವಾದ ಮೇಲೆ ಗುಳ್ಳೆಯ ಮಾತಿಗೆ ಬಂದರು. ಸೂಜಿಯಿಂದ ದ್ರವ ತೆಗೆಯಬಹುದು, ಆದರೆ ಮತ್ತೆ ತುಂಬಿಕೊಳ್ಳುವುದೇ ಹೆಚ್ಚು. ಗುಳ್ಳೆಯೊಳಗೆ ಫೈಬ್ರಿನ್ ಅಂಟು (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಅಂಟು) ಹಾಕುವುದುಂಟು. ಶಸ್ತ್ರಚಿಕಿತ್ಸೆಯಲ್ಲಿ ದ್ರವ ಸೋರುವ, ನರಕ್ಕೆ ಪೆಟ್ಟಾಗುವ ಭಯವಿದೆ. ನನ್ನ ಪಾಲಿಗೆ ಸದ್ಯ ನರನೋವಿನ ಮಾತ್ರೆ, ಹಿಂಭಾಗ ಕತ್ತರಿಸಿದ ದಿಂಬು ಮತ್ತು ಎತ್ತರದ ಮೇಜು. ಇದನ್ನೂ ನಿಂತೇ ಬರೆಯುತ್ತಿದ್ದೇನೆ, ನಡುನಡುವೆ ಹೋಗಿ ಮಲಗುತ್ತೇನೆ.

ಮೂತ್ರ ಕಟ್ಟಿಕೊಂಡರೆ ಅಥವಾ ಹತೋಟಿ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಮುಂದಿನ ಭೇಟಿಗೆ ಕಾಯದೆ ಕೂಡಲೇ ತುರ್ತು ಚಿಕಿತ್ಸೆಗೆ ಹೋಗಬೇಕೆಂದು ವೈದ್ಯೆ ಚೀಟಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದಾರೆ. ಇದೇ ಗುಳ್ಳೆ ಇದ್ದು ಈ ಬರಹ ಓದುತ್ತಿರುವವರೂ ಅದನ್ನು ಬರೆದಿಟ್ಟುಕೊಳ್ಳಿ.