ಕ್ಯಾಚೆಯೋ ಕ್ಯಾಶೋ

ಈ ವಾರ ನಮ್ಮ ಕಚೇರಿಯಲ್ಲಿ ನಡೆದ ಸಂದರ್ಶನಕ್ಕೆ ಹಾವೇರಿ ಕಡೆಯ ಯುವತಿಯೊಬ್ಬರು ಬಂದಿದ್ದರು. ಒಂದೇ ಮಾಹಿತಿಗಾಗಿ ಪದೇ ಪದೇ ಡೇಟಾಬೇಸಿಗೆ ಹೋಗದೆ ಅದನ್ನು cache ಎಂಬ ಹತ್ತಿರದ ಮೆಮೊರಿಯಲ್ಲಿ ಇಟ್ಟುಕೊಳ್ಳುವುದು ಹೇಗೆ, ಮೂಲ ಬದಲಾದಾಗ ಹಳೆಯ ಪ್ರತಿಯನ್ನು ಯಾವಾಗ ಅಳಿಸಬೇಕು ಎಂಬುದನ್ನು ಅವರು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದರು. ಅನುಭವಸ್ಥರೂ ತಡವರಿಸುವ ವಿಷಯವದು. ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದ ಸಹೋದ್ಯೋಗಿ ನಕ್ಕು, "ಕ್ಯಾಚೆ ಅಲ್ಲಮ್ಮಾ, ಕ್ಯಾಶ್" ಎಂದರು. "ಸರಿ ಸರ್" ಎಂದ ಆಕೆ, ಮುಂದೆ ಒಮ್ಮೆಯೂ ಆ ಪದವನ್ನು ಬಳಸಲಿಲ್ಲ; ಅದು ಬರಬೇಕಾದಲ್ಲೆಲ್ಲ "ಆ ಮೆಮೊರಿ" ಎನ್ನುತ್ತ, ವಿವರಣೆಯನ್ನೇ ಮೊಟಕುಗೊಳಿಸಿದರು.

ಆ "ಸರಿ ಸರ್" ನನ್ನನ್ನು ಇನ್ನೂ ಬಿಟ್ಟಿಲ್ಲ. ಸಹೋದ್ಯೋಗಿ ಕೆಟ್ಟವರಲ್ಲ, ಕೆಲಸದಲ್ಲಿ ನಿಪುಣರು; ಆದರೆ ಇಂಗ್ಲಿಷನ್ನು ಕಿವಿಯಿಂದ ಕಲಿತವರಿಗೆ, ಅದನ್ನು ಪುಸ್ತಕದಿಂದ ಒಬ್ಬರೇ ಕಲಿತವರ ಶ್ರಮ ಕಾಣುವುದಿಲ್ಲ. ಬರೆದಂತೆ ಓದುವ ಕನ್ನಡದಲ್ಲಿ ಬೆಳೆದವರು ಆ ಅಕ್ಷರಗಳನ್ನು ಕ್ಯಾಚೆ ಎಂದು ಓದಿದರೆ ಅದರಲ್ಲಿ ಅಜ್ಞಾನವೇನಿದೆ? ಫ್ರೆಂಚಿನಿಂದ ಬಂದ ಅದೇ ಪದವನ್ನು ಆಸ್ಟ್ರೇಲಿಯಾದ ಅನೇಕ ತಂತ್ರಜ್ಞರು ಕೇಶ್ ಎನ್ನುತ್ತಾರೆ, ಅವರನ್ನು ಯಾರೂ ತಿದ್ದುವುದಿಲ್ಲ.

ಈ ಕ್ಷೇತ್ರದಲ್ಲಿ ಉಚ್ಚಾರಕ್ಕೆ ಒಮ್ಮತವಿದ್ದದ್ದೇ ಅಪರೂಪ. 1970ರ ದಶಕದಲ್ಲಿ ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್ ತಮ್ಮ ಡೇಟಾಬೇಸ್ ಭಾಷೆಗೆ ಸೀಕ್ವೆಲ್ ಎಂದು ಹೆಸರಿಟ್ಟರು; ಆ ಹೆಸರು ಬೇರೊಂದು ಕಂಪನಿಯ ಟ್ರೇಡ್‌ಮಾರ್ಕ್ ಆಗಿದ್ದರಿಂದ ಅದು ಎಸ್‌ಕ್ಯೂಎಲ್ ಆಯಿತು, ಆದರೂ ಎರಡು ಉಚ್ಚಾರಗಳೂ ಇಂದಿಗೂ ಉಳಿದಿವೆ. 1987ರಲ್ಲಿ ಬಂದ GIF ಚಿತ್ರಮಾದರಿಯ ಸೃಷ್ಟಿಕರ್ತ ಸ್ಟೀವ್ ವಿಲ್‌ಹೈಟ್, ಅದು ಜಿಫ್ ಎಂದೇ 2013ರಲ್ಲಿ ಸ್ಪಷ್ಟಪಡಿಸಿದರೂ ಗಿಫ್ ಎನ್ನುವವರು ಒಪ್ಪಲಿಲ್ಲ. ಇಮೇಲ್ ವಿಳಾಸದ ನಡುವಿನ ಚಿಹ್ನೆಯನ್ನು ಅಮೆರಿಕದವರು ಬರೀ ಆ್ಯಟ್ ಎಂದರೆ, ಇಟಲಿಯವರು ಬಸವನಹುಳು ಎಂದೂ ರಷ್ಯದವರು ನಾಯಿ ಎಂದೂ ಕರೆಯುತ್ತಾರೆ. ನಾವು ದರ ಬರೆಯುವ ಹಳೆಯ ಲೆಕ್ಕಪತ್ರದ ರೂಢಿಯಂತೆ ಆ್ಯಟ್ ದ ರೇಟ್ ಎನ್ನುತ್ತೇವೆ, ನನ್ನ ಸಹೋದ್ಯೋಗಿಯೂ ಹಾಗೆಯೇ ಹೇಳುತ್ತಾರೆ. ಅದು ತಪ್ಪೆಂದು ನಾನು ಭಾವಿಸುವುದಿಲ್ಲ, ಏಕೆಂದರೆ ಕೇಳುವವರಿಗೆ ಅರ್ಥವಾಗುತ್ತದೆ. ಕ್ಯಾಚೆ ಎಂದಾಗಲೂ ಆ ಕೋಣೆಯಲ್ಲಿದ್ದ ಎಲ್ಲರಿಗೂ ಅರ್ಥವಾಗಿತ್ತು.

ಮೌಲ್ಯಮಾಪನದ ಹಾಳೆಯಲ್ಲಿ ಸಂವಹನಕ್ಕೆ ಆ ಸಹೋದ್ಯೋಗಿ ಐದಕ್ಕೆ ಎರಡು ಅಂಕ ಕೊಟ್ಟಿದ್ದಾರೆ. ಅದನ್ನು ಒಪ್ಪದೆ, ಬೋರ್ಡಿನ ಮೇಲಿನ ವಿವರಣೆಯನ್ನು ಪೂರ್ತಿ ದಾಖಲಿಸಿ, ಎರಡನೆಯ ಸುತ್ತಿಗೆ ಆಕೆಯನ್ನು ಕರೆಯಲೇಬೇಕೆಂದು ನಾನು ಎಚ್‌ಆರ್ ವಿಭಾಗಕ್ಕೆ ಬರೆದಿದ್ದೇನೆ. ಸೋಮವಾರ ಅದರ ಚರ್ಚೆಯಿದೆ.